68ರ ಶೆವೆಲ್‌ನ ಪವರ್‌ಗ್ಲೈಡ್ ತೆಗೆದು ಯಾವ ಆಟೊಮ್ಯಾಟಿಕ್ ಹಾಕಿಸಲಿ?

ಶೆವೆಲ್_ತುಮಕೂರು
ಎಲ್ಲರಿಗೂ ನಮಸ್ಕಾರ. ಊರು ತುಮಕೂರು, ಈಗ ಇರೋದು ಡೆಟ್ರಾಯಿಟ್ ಪಕ್ಕದ ನೋವಿಯಲ್ಲಿ. ಕಳೆದ ವರ್ಷ 1968ರ ಶೆವ್ರೊಲೆ ಶೆವೆಲ್ ಮಾಲಿಬು ತಗೊಂಡೆ. ಹಿಂದಿನ ಮಾಲೀಕರು 350 ಘನ ಇಂಚಿನ ಇಂಜಿನ್ ಕೂರಿಸಿದ್ದಾರೆ, ಹಾಲಿ (Holley) ಕಂಪನಿಯ ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರ್ ಇದೆ, ಕ್ಯಾಮ್ (ವಾಲ್ವ್ ತೆರೆದು ಮುಚ್ಚುವ ಶಾಫ್ಟ್) ಸ್ವಲ್ಪ ಜೋರಿನದು. ಹಿಂದಿನ ಆಕ್ಸಲ್ ರೇಶಿಯೋ 3.73 (ಚಕ್ರದ ಒಂದು ಸುತ್ತಿಗೆ ಡ್ರೈವ್‌ಶಾಫ್ಟ್ 3.73 ಸುತ್ತು), ಟೈರಿನ ಎತ್ತರ 26 ಇಂಚು. ಗೇರ್‌ಬಾಕ್ಸ್ ಮಾತ್ರ ಕಾರಿನ ಜೊತೆಗೇ ಬಂದ ಎರಡು ಗೇರಿನ ಪವರ್‌ಗ್ಲೈಡ್.

ತೊಂದರೆ ಎರಡು. ಸಿಗ್ನಲ್‌ನಿಂದ ಹೊರಡುವಾಗ ಇಂಜಿನ್ ಕೂಗುತ್ತೆ, ಗಾಡಿ ನಿಧಾನಕ್ಕೆ ಏಳುತ್ತೆ. ಐ-96 ಹೈವೇ ಹತ್ತಿದರೆ 70 ಮೈಲಿ ವೇಗಕ್ಕೆ ಇಂಜಿನ್ ಮೂರು ಸಾವಿರದ ಮೇಲೇ ತಿರುಗುತ್ತಿರುತ್ತೆ, ಪಕ್ಕದಲ್ಲಿ ಕೂತವರ ಮಾತು ಕೇಳಲ್ಲ. ನನಗೆ ಬೇಕಾಗಿರೋದು ಹೈವೇಯಲ್ಲಿ ನೆಮ್ಮದಿ, ಆಗಸ್ಟಿನಲ್ಲಿ ಹಳೇ ಗಾಡಿಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್, ವರ್ಷದಲ್ಲಿ ಒಂದಷ್ಟು ಸಲ ಮೈಲನ್ ಡ್ರ್ಯಾಗ್‌ವೇಯಲ್ಲಿ ಕಾಲು ಮೈಲಿ. ಒಬ್ಬರು 700ಆರ್4 ಅಂತಾರೆ, ಇನ್ನೊಬ್ಬರು ಟರ್ಬೊ 350, ಮತ್ತೊಬ್ಬರು ಟರ್ಬೊ 400, ಮೂರೂ ಜಿಎಂ (ಜನರಲ್ ಮೋಟಾರ್ಸ್) ಆಟೊಮ್ಯಾಟಿಕ್ ಬಾಕ್ಸುಗಳೇ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಲಿವೋನಿಯಾ_ಮಾಮ
ಒಳ್ಳೆ ಗಾಡಿ ತಗೊಂಡಿದೀಯಪ್ಪ, ಸಂತೋಷ. ಆದರೆ ಗೇರ್‌ಬಾಕ್ಸಿನ ಹೆಸರಿನಿಂದ ಶುರು ಮಾಡಬೇಡ. ಹಿಂದಿನ ಆಕ್ಸಲ್, ಟೈರಿನ ಎತ್ತರ, ಗಾಡಿಯ ತೂಕ, ಇಂಜಿನ್ ಎಲ್ಲಿಂದ ಎಲ್ಲಿವರೆಗೆ ಎಳೆಯುತ್ತೆ, ಈ ನಾಲ್ಕು ಗೊತ್ತಾದ ಮೇಲೆ ಬಾಕ್ಸ್ ಯಾವುದು ಅನ್ನೋದು ತಾನಾಗಿಯೇ ಹೊರಗೆ ಬರುತ್ತೆ. ನೀನು ಮೊದಲ ಮೂರನ್ನು ಕೊಟ್ಟಿದೀಯ ಅಂತಲೇ ಇಟ್ಕೋ, ಶೆವೆಲ್ ತೂಕ ನಮಗೆ ಗೊತ್ತಿರೋದೇ.

ಲೆಕ್ಕ ಹೀಗೆ: ಮೈಲಿ ವೇಗವನ್ನು ಆಕ್ಸಲ್ ರೇಶಿಯೋದಿಂದ ಗುಣಿಸಿ, 336ರಿಂದ ಗುಣಿಸಿ, ಟೈರಿನ ಎತ್ತರದಿಂದ ಭಾಗಿಸು. 70 × 3.73 × 336 ÷ 26, ಅಂದರೆ 3374 ಆರ್‌ಪಿಎಂ. ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸಿಗೆ ದಾಟಿಸುವ ಭಾಗ) ಜಾರುವುದನ್ನು ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. 700ಆರ್4ರ ಓವರ್‌ಡ್ರೈವ್ (ಹೈವೇಯಲ್ಲಿ ಇಂಜಿನ್ ನಿಧಾನಕ್ಕೆ ತಿರುಗಲು ಬಿಡುವ ನಾಲ್ಕನೇ ಗೇರು) 0.70, ಅದು ಬಂದರೆ 2362. 200-4ಆರ್ ಅನ್ನೋ ಇನ್ನೊಂದು ಜಿಎಂ ನಾಲ್ಕು ಗೇರಿನ ಬಾಕ್ಸಿನದು 0.67, ಅದರಲ್ಲಿ 2261. ಓವರ್‌ಡ್ರೈವೇ ಬೇಡ ಅಂದರೆ ಆಕ್ಸಲನ್ನು 3.08ಕ್ಕೆ ಇಳಿಸಿದರೂ 2786ಕ್ಕೆ ಬರುತ್ತೆ, ಆದರೆ ಆಗ ಮೈಲನ್‌ನಲ್ಲಿ ಹೊರಡುವಾಗ ಅಳಬೇಕಾಗುತ್ತೆ.

ಹೊರಡುವ ಎಳೆತವನ್ನೂ ಇದೇ ರೀತಿ ನೋಡು. ಮೊದಲ ಗೇರನ್ನು ಆಕ್ಸಲಿನಿಂದ ಗುಣಿಸಿದರೆ ಪವರ್‌ಗ್ಲೈಡಿನ 1.76ಕ್ಕೆ 6.56 ಬರುತ್ತೆ. ಟರ್ಬೊ 400ರ 2.48ಕ್ಕೆ 9.25, ಟರ್ಬೊ 350ರ 2.52ಕ್ಕೆ 9.40, 200-4ಆರ್‌ನ 2.74ಕ್ಕೆ 10.22, 700ಆರ್4ರ 3.06ಕ್ಕೆ 11.41. ನಿನ್ನ ಗಾಡಿ ಯಾಕೆ ಏಳಲ್ಲ ಅನ್ನೋದಕ್ಕೆ ಆ ಮೊದಲ ಸಂಖ್ಯೆಯೇ ಉತ್ತರ.

ಗುಜರಿ_ಗುರು
ಸರ್, ನನ್ನ ಮತ ಟರ್ಬೊ 350ಗೆ. ಓಹಾಯೋದಲ್ಲಿ ಯಾವ ಗುಜರಿಗೆ ಹೋದರೂ ಸಿಗುತ್ತೆ, ಬಿಡಿಭಾಗ ಅಗ್ಗ, ರಿಪೇರಿ ಗೊತ್ತಿರೋ ಕೈಗಳೂ ಇವೆ. 1969ರಲ್ಲಿ ಬಂದ ಬಾಕ್ಸ್, ನಿಮ್ಮ 68ರಲ್ಲಿ ಇರಲಿಲ್ಲ ಅಷ್ಟೆ. ದೊಡ್ಡ ಲಾಭ ಅಂದ್ರೆ ಅದರ ಚಿಕ್ಕ ಬಾಲದ ಮಾದರಿ ಪವರ್‌ಗ್ಲೈಡ್ ಇದ್ದ ಜಾಗದಲ್ಲೇ ಕೂರುತ್ತೆ. ಅದೇ ಡ್ರೈವ್‌ಶಾಫ್ಟ್, ಅದೇ 27 ಹಲ್ಲಿನ ಯೋಕ್ (ಶಾಫ್ಟನ್ನು ಬಾಕ್ಸಿಗೆ ಸೇರಿಸುವ ತುಂಡು), ಬಾಕ್ಸನ್ನು ಹೊರುವ ಅದೇ ಕ್ರಾಸ್‌ಮೆಂಬರ್. ಒಂದು ವಾರಾಂತ್ಯದ ಕೆಲಸ. ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ತಲೆನೋವಿಲ್ಲ, ಕನ್ವರ್ಟರ್ ಜಾರದಂತೆ ಹಿಡಿಯುವ ಲಾಕಪ್ಪಿನ ವೈರಿಂಗ್ ಇಲ್ಲ. ಮೋಡ್ಯುಲೇಟರ್‌ಗೆ ಒಂದು ವ್ಯಾಕ್ಯೂಮ್ ಪೈಪು, ಒಂದು ಕಿಕ್‌ಡೌನ್ ಕೇಬಲ್, ಮುಗೀತು. ಹೈವೇಗೆ ಬೇಕಾದ್ರೆ ಆಕ್ಸಲ್ 3.31ಕ್ಕೆ ಇಳಿಸಿ.

ಹುಬ್ಬಳ್ಳಿ_ಹ್ಯೂಸ್ಟನ್
ಗುರುಗಳ, ತಪ್ಪ ತಿಳ್ಕೋಬ್ಯಾಡ್ರಿ, ಅವರು ಕೇಳಿದ್ದ ಮೊದಲನೇ ಮಾತೇ ಹೈವೇದು. ಆಕ್ಸಲ್ ಇಳಿಸಿ ಮೂರು ಗೇರ್ ಹಾಕಿದ್ರ ಒಂದು ಕೈಲೆ ಕೊಟ್ಟು ಇನ್ನೊಂದು ಕೈಲೆ ಕಸ್ಕೊಂಡಂಗ ಆಗ್ತದ. ನಾ 70ರ ಶೆವ್ರೊಲೆ ನೋವಾ ಗಾಡಿಗೆ 700ಆರ್4 ಹಾಕ್ಸೀನ್ರಿ. ಊರಾಗ 3.06 ಮೊದಲನೇ ಗೇರ್ ಎಳಿಯೂದು ನೋಡ್ಬೇಕ್ರಿ ನೀವು! ಹ್ಯೂಸ್ಟನ್‌ದಿಂದ ಡಾಲಸ್‌ಗೆ ಹೋಗೂವಾಗ ಓವರ್‌ಡ್ರೈವ್ ಬಿತ್ತು, ಲಾಕಪ್ ಹಿಡೀತು ಅಂದ್ರ ಇಂಜಿನ್ ಐತೋ ಇಲ್ಲೋ ಗೊತ್ತಾಗಂಗಿಲ್ಲ.

ಆದ್ರ ಉದ್ದ ಜಾಸ್ತಿ ಐತ್ರಿ, 30¾ ಇಂಚು. ನಿಮ್ಮ ಪವರ್‌ಗ್ಲೈಡ್ 27½ರ ಮ್ಯಾಲ ಚೂರು. ಅಂದ್ರ ಶಾಫ್ಟ್ ಮೂರು ಇಂಚು ಕತ್ತರಿಸ್ಬೇಕು, ಕ್ರಾಸ್‌ಮೆಂಬರ್ ಎರಡು ಇಂಚು ಹಿಂದ ಸರಿಸ್ಬೇಕು. ಮೊದಲಿನ ವರ್ಷದ್ದು ತಗೋಬ್ಯಾಡ್ರಿ. 1982ರಾಗ ಬಂದ ಹೊಸದರಾಗ ಸಣ್ಣ ಪುಟ್ಟ ದೋಷ ಭಾಳ ಇದ್ದೂವು. 1987ರಿಂದ ಈಚೀದು ಸಿಕ್ರ ನೋಡ್ರಿ.

ವಾಲ್ವ್‌ಬಾಡಿ_ವಾಣಿ
ನಾನು ಟ್ರಾನ್ಸ್‌ಮಿಷನ್ ಕ್ಯಾಲಿಬ್ರೇಷನ್ ಕೆಲಸದಲ್ಲಿದ್ದೇನೆ, ಹೊಸ ಗಾಡಿಗಳದ್ದು. ಹಳೆಯ ಬಾಕ್ಸುಗಳ ಮೇಲಿನ ಪ್ರೀತಿ ಅಪ್ಪನಿಂದ ಬಂದದ್ದು. ಈ ಚರ್ಚೆಯಲ್ಲಿ ಇನ್ನೂ ಯಾರೂ ಮುಟ್ಟದ ವಿಷಯ ಅಂದರೆ ಗೇರುಗಳ ನಡುವಿನ ಅಂತರ.

700ಆರ್4ರಲ್ಲಿ ಮೊದಲನೆಯದು 3.06, ಎರಡನೆಯದು 1.63. ಮೊದಲನೇ ಗೇರಿನಲ್ಲಿ 6000ಕ್ಕೆ ಏರಿಸಿ ಬದಲಿಸಿದರೆ ಲೆಕ್ಕದ ಪ್ರಕಾರ ಇಂಜಿನ್ 3196ಕ್ಕೆ ಬೀಳುತ್ತೆ. ಟರ್ಬೊ 350ರಲ್ಲಿ 3619ಕ್ಕೆ. 200-4ಆರ್‌ನಲ್ಲಿ 2.74ರಿಂದ 1.57ಕ್ಕೆ, ಅಂದರೆ ಸುಮಾರು 3438. ಓಡುವಾಗ ಕನ್ವರ್ಟರ್ ಜಾರುವುದರಿಂದ ಅಷ್ಟು ಕೆಳಗೆ ಹೋಗಲ್ಲ ನಿಜ, ಆದರೆ ವ್ಯತ್ಯಾಸ ಹಾಗೇ ಉಳಿಯುತ್ತೆ. ಜೋರು ಕ್ಯಾಮ್ ಹಾಕಿದ ಇಂಜಿನ್ ಕಡಿಮೆ ಆರ್‌ಪಿಎಂನಲ್ಲಿ ಸತ್ತಂತಿರುತ್ತೆ. ಅಲ್ಲಿಗೆ ಬೀಳಿಸುವ ಬಾಕ್ಸಿನ ಮೊದಲ ಗೇರು ಎಷ್ಟೇ ಚೆನ್ನಾಗಿದ್ದರೂ ಕಾಲು ಮೈಲಿಯಲ್ಲಿ ಆ ಲಾಭ ಎರಡನೇ ಗೇರಿನಲ್ಲಿ ಹೋಗಿಬಿಡುತ್ತೆ.

3.73 ಆಕ್ಸಲ್, 350 ಇಂಜಿನ್, ರಸ್ತೆಯೂ ಬೇಕು ಡ್ರ್ಯಾಗೂ ಬೇಕು ಅನ್ನೋ ನಿಮಗೆ ನಾನು 200-4ಆರ್ ನೋಡಿ ಅಂತೀನಿ. 1981ರಿಂದ 1990ರವರೆಗೆ ಬಂದದ್ದು. ಬ್ಯುಯಿಕ್ ಗ್ರ್ಯಾಂಡ್ ನ್ಯಾಷನಲ್‌ನ ಟರ್ಬೊ ಇಂಜಿನ್ ಹಿಂದೆ ಇದ್ದದ್ದು ಇದೇ. ಇಂಜಿನ್‌ಗೆ ಬೋಲ್ಟ್ ಆಗುವ ಮುಂದಿನ ಕವಚ ಬೆಲ್‌ಹೌಸಿಂಗ್‌ನಲ್ಲಿ ಶೆವ್ರೊಲೆ ರಂಧ್ರಗಳೂ ಇವೆ, ಬ್ಯುಯಿಕ್-ಓಲ್ಡ್ಸ್-ಪಾಂಟಿಯಾಕ್ ರಂಧ್ರಗಳೂ ಇವೆ. ಉದ್ದ ನಿಮ್ಮ ಪವರ್‌ಗ್ಲೈಡ್‌ನಷ್ಟೇ, ಯೋಕ್ ಕೂಡ ಅದೇ 27 ಹಲ್ಲು. ಮೌಂಟ್ ಮಾತ್ರ ತುಂಬಾ ಹಿಂದಿದೆ, ಬೆಲ್‌ಹೌಸಿಂಗ್ ಮುಖದಿಂದ 27 ಇಂಚು. ಅದು ಹತ್ತಿರ ಹತ್ತಿರ ಟರ್ಬೊ 400ರ ಮೌಂಟ್ ಇರುವ ಜಾಗ. 396 ಇಂಜಿನ್ ಜೊತೆ ಟರ್ಬೊ 400 ಬಂದಿದ್ದ ಶೆವೆಲ್‌ಗಳಿದ್ದವಲ್ಲ, ಹಾಗಾಗಿ ಕ್ರಾಸ್‌ಮೆಂಬರನ್ನು ಅಷ್ಟು ಹಿಂದಕ್ಕೆ ಒಯ್ಯೋದು ಈ ಚಾಸಿಗೆ ಹೊಸ ಕೆಲಸವಲ್ಲ.

ಗುಜರಿ_ಗುರು
ವಾಣಿ ಮೇಡಂ, 200-4ಆರ್ ಗುಜರಿಯಲ್ಲಿ ಸಿಗೋದೇ ಅಪರೂಪ. ಸಿಕ್ಕರೂ ಹಾಗೇ ಎತ್ತಿ ಹಾಕಿದರೆ 350 ಇಂಜಿನ್ ಮುಂದೆ ಬಾಳಲ್ಲ. ಒಳಗಿನ ಪಂಪಿನ ರಿಂಗು ಒಡೆದದ್ದನ್ನು ನಾನೇ ಕೈಯಲ್ಲಿ ಹಿಡಿದು ನೋಡಿದೀನಿ, ಉಗುರಿನಷ್ಟು ತೆಳು, ಮೂರು ತುಂಡು.

ವಾಲ್ವ್‌ಬಾಡಿ_ವಾಣಿ
ಒಪ್ಪಿದೆ. ಗಟ್ಟಿಯ ಪಂಪ್ ರಿಂಗು, ಒಳ್ಳೆಯ ಕ್ಲಚ್ ಪ್ಲೇಟು ಹಾಕಿ ಕಟ್ಟಿಸಿಯೇ ಕೂರಿಸಬೇಕು. ಇದು 700ಆರ್4ಗೂ ಅನ್ವಯ. ಅದರಲ್ಲಿ ಮೂರು-ನಾಲ್ಕನೇ ಗೇರಿನ ಕ್ಲಚ್ ಸುಡೋದು, ಒಳಗಿನ ಸನ್ ಗೇರನ್ನು ಹಿಡಿಯುವ ಸನ್ ಶೆಲ್ ಒಡೆಯೋದು ಎರಡೂ ಎಲ್ಲರಿಗೂ ಗೊತ್ತಿರೋ ಕಾಯಿಲೆ. ಗಾಡಿ ಮೊದಲ ಗೇರಲ್ಲೂ ಮೂರನೆಯದರಲ್ಲೂ ಹೋಗುತ್ತೆ, ಎರಡು, ನಾಲ್ಕು, ರಿವರ್ಸ್ ಮೂರೂ ಒಟ್ಟಿಗೆ ಇಲ್ಲ ಅಂದರೆ ಬಿಚ್ಚುವ ಮೊದಲೇ ಹೇಳಬಹುದು, ಸನ್ ಶೆಲ್ ಹೋಗಿದೆ ಅಂತ.

ಶೆವೆಲ್_ತುಮಕೂರು
ಎಲ್ಲರೂ ಟಿವಿ ಕೇಬಲ್ ಅಂದರೆ ಹೆದರಿಸ್ತಾರೆ. ಅದೇನು ಅಕ್ಕ, ಟರ್ಬೊ 350ರ ಕಿಕ್‌ಡೌನ್ ಕೇಬಲ್ ಥರಾನೇ ಅಲ್ವಾ? ನೋಡೋಕೆ ಒಂದೇ ಥರ ಇದೆ.

ವಾಲ್ವ್‌ಬಾಡಿ_ವಾಣಿ
ಅಲ್ಲ, ಹಾಗೆ ಅಂದುಕೊಂಡವರ ಬಾಕ್ಸುಗಳೇ ಸುಟ್ಟುಹೋಗಿ ಅಂಗಡಿಗೆ ಬರೋದು. ಸ್ವಲ್ಪ ವಿವರವಾಗಿ ಬರೀತೀನಿ.

ಟರ್ಬೊ 350ರಲ್ಲಿ ಇಂಜಿನ್ ಮೇಲೆ ಎಷ್ಟು ಭಾರ ಇದೆ ಅನ್ನೋದನ್ನು ಬಾಕ್ಸಿಗೆ ಹೇಳೋದು ವ್ಯಾಕ್ಯೂಮ್ ಮೋಡ್ಯುಲೇಟರ್. ಕೇಬಲ್ ಕೆಲಸ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸೋದಷ್ಟೆ. ಆ ಕೇಬಲ್ ಕಿತ್ತುಹೋದರೂ ಬಾಕ್ಸು ಬದುಕಿರುತ್ತೆ. 700ಆರ್4, 200-4ಆರ್ ಎರಡರಲ್ಲೂ ಮೋಡ್ಯುಲೇಟರ್ ಇಲ್ಲ. ಆಕ್ಸಲರೇಟರ್ ಎಷ್ಟು ತೆರೆದಿದೆ ಅನ್ನೋದನ್ನು ಟಿವಿ ಕೇಬಲ್ ಒಂದೇ ಹೇಳಬೇಕು, ಅದರ ಮೇಲೆಯೇ ಒಳಗಿನ ಆಯಿಲ್ ಒತ್ತಡ ನಿಂತಿದೆ. ಕೇಬಲ್ ಸಡಿಲ ಇದ್ದರೆ ನೀವು ಜೋರಾಗಿ ಒತ್ತಿದಾಗಲೂ ಬಾಕ್ಸು ಮೆಲ್ಲಗೆ ಹೋಗ್ತಿದೀರಿ ಅಂತಲೇ ತಿಳಿಯುತ್ತೆ. ಒತ್ತಡ ಕಡಿಮೆ, ಕ್ಲಚ್ ಜಾರುತ್ತೆ, ಜಾರಿದ್ದು ಸುಡುತ್ತೆ. ಗಾಡಿ ನಡೆಸುವವರಿಗೆ ಗೇರು ಬೇಗ ಬೇಗ, ನುಣ್ಣಗೆ ಬದಲಾದಂತೆ ಅನ್ನಿಸುತ್ತೆ. ಆ ನುಣುಪು ಒಳ್ಳೆಯ ಲಕ್ಷಣ ಅಲ್ಲ.

ಹೊಂದಿಸೋದು ಹೀಗೆ. ಇಂಜಿನ್ ಬಂದ್ ಮಾಡಿ. ಕಾರ್ಬ್ಯುರೇಟರ್ ಬಳಿ ಕೇಬಲ್ ಬ್ರ್ಯಾಕೆಟ್‌ಗೆ ಸೇರುವ ಕಡೆ ಒಂದು ಗುಂಡಿ ಇದೆ. ಅದನ್ನು ಬೆರಳಿನಲ್ಲಿ ಒತ್ತಿ ಹಿಡಿದು, ಜಾರುವ ತುಂಡನ್ನು ಕಾರ್ಬ್ಯುರೇಟರ್‌ನಿಂದ ದೂರಕ್ಕೆ ಕೊನೆವರೆಗೂ ತಳ್ಳಿ, ಗುಂಡಿ ಬಿಡಿ. ಆಮೇಲೆ ಥ್ರಾಟಲನ್ನು ಪೂರ್ತಿ ತೆರೆಯಿರಿ, ಟಕ ಟಕ ಅಂತ ತಾನೇ ಹಲ್ಲು ಹತ್ತಿಕೊಂಡು ಬಂದು ಸರಿಯಾದ ಜಾಗದಲ್ಲಿ ನಿಲ್ಲುತ್ತೆ. ಇದನ್ನು ಮಾಡುವಾಗ ಇನ್ನೊಬ್ಬರು ಒಳಗೆ ಕೂತು ಪೆಡಲ್ ಒತ್ತಲಿ. ಕಾರ್ಪೆಟ್ ಅಡ್ಡ ಬಂದು ಪೆಡಲ್ ಪೂರ್ತಿ ಕೆಳಗೆ ಹೋಗದೇ ಇದ್ದರೆ ಅದೂ ಆಗಲೇ ಗೊತ್ತಾಗುತ್ತೆ.

ನಿಮ್ಮದು ಹಾಲಿ ಕಾರ್ಬ್ಯುರೇಟರ್. ಅದರ ಲಿವರ್‌ನಲ್ಲಿ ಕೇಬಲ್ ಸಿಕ್ಕಿಸುವ ಪಿನ್ನು ಶಾಫ್ಟಿನಿಂದ ಇರಬೇಕಾದಷ್ಟು ದೂರದಲ್ಲಿ ಇರಲ್ಲ. ಹಾಗಾಗಿ ಪೂರ್ತಿ ತೆರೆದಾಗ ಕೇಬಲ್ ಪೂರ್ತಿ ಬಂದಿದ್ದರೂ ಅರ್ಧ ತೆರೆದಾಗ ಬರಬೇಕಾದಷ್ಟು ಬಂದಿರಲ್ಲ. ಅದಕ್ಕೆಂದೇ ತಿದ್ದುವ ಅಡಾಪ್ಟರ್ ಮತ್ತು ಬ್ರ್ಯಾಕೆಟ್ ಸಿಗುತ್ತೆ, ಬಾಕ್ಸಿನ ಜೊತೆಗೇ ತರಿಸಿ. ಎಲ್ಲ ಆದ ಮೇಲೆ ಒತ್ತಡ ಅಳೆಯುವ ಪೋರ್ಟ್‌ಗೆ ಗೇಜ್ ಹಾಕಿ, ಕೇಬಲ್ ಎಳೆದ ಹಾಗೆ ಮುಳ್ಳು ಏರುತ್ತಾ ಅಂತ ನೋಡದೆ ರಸ್ತೆಗೆ ಇಳಿಸಬೇಡಿ.

ಕಾಲುಮೈಲಿ_ಕೇಶವ
ಪವರ್‌ಗ್ಲೈಡನ್ನು ಎಲ್ಲರೂ ಹೀಗಳೆದಂತಾಯ್ತು, ಅದರ ಪರವಾಗಿ ಒಂದೆರಡು ಮಾತು ನನ್ನದೂ ಇರಲಿ. 1950ರಲ್ಲಿ ಬಂದ ಎರಡು ಗೇರಿನ ಬಾಕ್ಸು, 1973ಕ್ಕೆ ನಿಂತುಹೋಯ್ತು. ಡ್ರ್ಯಾಗ್ ಟ್ರ್ಯಾಕಿನಲ್ಲಿ ಮಾತ್ರ ಇವತ್ತಿಗೂ ಎಲ್ಲೆಲ್ಲೂ ಅದೇ. ಕಾರಣ ಇದೆ. ಹಗುರ, ಒಳಗೆ ತಿರುಗುವ ಭಾಗ ಕಡಿಮೆ, ಹಾಗಾಗಿ ಇಂಜಿನ್ ಶಕ್ತಿ ಬಾಕ್ಸಿನಲ್ಲೇ ಕರಗೋದೂ ಕಡಿಮೆ. ಇಡೀ ಓಟದಲ್ಲಿ ಒಂದೇ ಸಲ ಗೇರ್ ಬದಲಾವಣೆ. ಬ್ರ್ಯಾಕೆಟ್ ರೇಸಿಂಗ್‌ನಲ್ಲಿ ಗೆಲ್ಲೋದು ಅತಿ ವೇಗದ ಗಾಡಿ ಅಲ್ಲ, ಹೇಳಿದ ಸಮಯಕ್ಕೆ ಪ್ರತಿ ಸಲ ಬಂದು ಮುಟ್ಟುವ ಗಾಡಿ. ಗೇರು ಕಡಿಮೆ ಇದ್ದಷ್ಟು ಏರುಪೇರು ಕಡಿಮೆ.

ಟ್ರಾನ್ಸ್‌ಬ್ರೇಕ್ ಅಂತ ಕೇಳಿರ್ತೀರಿ. ಗುಂಡಿ ಒತ್ತಿ ಹಿಡಿದಾಗ ಮೊದಲ ಗೇರು ಮತ್ತು ರಿವರ್ಸ್ ಎರಡೂ ಒಟ್ಟಿಗೆ ಹಿಡಿಯುತ್ತವೆ, ಗಾಡಿ ಅಲ್ಲಾಡಲ್ಲ, ಇಂಜಿನ್ ಕನ್ವರ್ಟರ್‌ನ ವಿರುದ್ಧ ಏರಿ ನಿಂತಿರುತ್ತೆ. ಗುಂಡಿ ಬಿಟ್ಟ ಕ್ಷಣ ರಿವರ್ಸಿನ ಒತ್ತಡ ಖಾಲಿ, ಗಾಡಿ ಹಾರುತ್ತೆ. ಕಾಲಿನ ಬ್ರೇಕಿನಲ್ಲಿ ಹಿಡಿದು ಹೊರಡೋದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಆದರೆ ಈ ಲಾಭವೆಲ್ಲ ಹಗುರ ಗಾಡಿ, ದೊಡ್ಡ ಶಕ್ತಿ, ರೇಶಿಯೋ ಹೆಚ್ಚಿರುವ ಆಕ್ಸಲ್, ಎತ್ತರದ ಸ್ಟಾಲ್ (ಗಾಡಿ ತಡೆದಿಟ್ಟಾಗ ಕನ್ವರ್ಟರ್ ಇಂಜಿನನ್ನು ಏರಲು ಬಿಡುವ ಆರ್‌ಪಿಎಂ) ಇದ್ದವರಿಗೆ. ಅಂಥ ಗಾಡಿಗೆ ಮೊದಲ ಗೇರು ಜಾಸ್ತಿ ಎಳೆದರೆ ಟೈರು ಸುಮ್ಮನೆ ಸುತ್ತುತ್ತೆ, 1.76 ಅವರಿಗೆ ವರ. ರಸ್ತೆಯ ಶೆವೆಲ್, ಸಾಧಾರಣ 350, 3.73 ಅಂದರೆ ಪವರ್‌ಗ್ಲೈಡ್ ತಪ್ಪು ಆಯ್ಕೆ, ನಾನೂ ತೆಗೆಸಿ ಅಂತೀನಿ. ತೆಗೆದ ಬಾಕ್ಸನ್ನು ಎಸೆಯಬೇಡಿ, ಕೊಳ್ಳೋರಿದ್ದಾರೆ.

ಮುಂದೆಂದಾದರೂ ಬಿಗ್ ಬ್ಲಾಕ್ (ದೊಡ್ಡ ವಿ8 ಇಂಜಿನ್) ಹಾಕಿದ ದಿನ ಟರ್ಬೊ 400 ನೋಡಿ. ಕಲ್ಲುಬಂಡೆ. ರೋಲ್ಸ್-ರಾಯ್ಸ್ ಸಿಲ್ವರ್ ಶ್ಯಾಡೋಗೂ, ಫೆರಾರಿ 400 ಆಟೊಮ್ಯಾಟಿಕ್‌ಗೂ ಅದನ್ನೇ ಹಾಕಿದ್ದರು. ನಿಮ್ಮ ಇಂಜಿನ್‌ಗೆ ಅಷ್ಟು ಭಾರದ ಒಳಭಾಗ ತಿರುಗಿಸುವ ಅಗತ್ಯ ಇಲ್ಲ. ಅದರ ಬಾಲದ ಶಾಫ್ಟ್ 32 ಹಲ್ಲಿನದು, ನಿಮ್ಮ ಯೋಕ್ ಕೂರಲ್ಲ.

ಮೈಸೂರು_ಇಂಪಾಲ
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ತಾತನ 1965ರ ಇಂಪಾಲ ಮೈಸೂರಿನ ಮನೆಯಲ್ಲಿದೆ, ಪವರ್‌ಗ್ಲೈಡ್. ವರ್ಷಗಳ ಮೇಲೆ ಈಗ ಓಡಿಸ್ತಿದೀವಿ. ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತೆ, ಗೇರ್ ಆಯಿಲ್ ಕಡಿಮೆ ಆಗ್ತಾ ಹೋಗುತ್ತೆ, ಆದರೆ ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಇಲ್ಲಿನ ಮೆಕ್ಯಾನಿಕ್ ಇಂಜಿನ್ ಬಿಚ್ಚಬೇಕು, ಪಿಸ್ಟನ್ ರಿಂಗ್ ಹೋಗಿದೆ ಅಂತಿದ್ದಾರೆ. ಬಾಕ್ಸನ್ನೇ ಬದಲಿಸೋ ಸ್ಥಿತಿ ಬಂದಿದೆಯಾ?

ಲಿವೋನಿಯಾ_ಮಾಮ
ಏನೂ ಬಿಚ್ಚಿಸಬೇಡಿ, ಮೊದಲು ಇದನ್ನು ನೋಡಿ. ಬಾಕ್ಸಿನ ಪಕ್ಕದಲ್ಲಿ ಡಬ್ಬಿಯಂಥ ವ್ಯಾಕ್ಯೂಮ್ ಮೋಡ್ಯುಲೇಟರ್ ಇರುತ್ತೆ, ಅದರಿಂದ ಇಂಜಿನ್ ಮ್ಯಾನಿಫೋಲ್ಡ್‌ಗೆ ಒಂದು ಪೈಪು ಹೋಗುತ್ತೆ. ಮೋಡ್ಯುಲೇಟರ್ ತುದಿಯಲ್ಲಿ ಆ ರಬ್ಬರ್ ಪೈಪು ಕಿತ್ತು ಒಳಗೆ ನೋಡಿ. ಕೆಂಪು ಆಯಿಲ್ ಇದ್ದರೆ ಒಳಗಿನ ಡಯಾಫ್ರಮ್ ಹರಿದಿದೆ ಅಂತ ಅರ್ಥ. ಇಂಜಿನ್ ಆ ದಾರಿಯಿಂದ ಗೇರ್ ಆಯಿಲ್ ಹೀರಿ ಸುಡ್ತಾ ಇದೆ, ಅದೇ ಬಿಳಿ ಹೊಗೆ. ಚಿಕ್ಕ ಭಾಗ, ಹೊರಗಿನಿಂದಲೇ ಬದಲಿಸಬಹುದು, ಬೆಲೆಯೂ ಹೆಚ್ಚಿಲ್ಲ. ಅಮೆರಿಕದಿಂದ ಬರುವವರ ಸೂಟ್‌ಕೇಸಿನಲ್ಲಿ ಬರುತ್ತೆ. ಜೊತೆಗೆ ಪ್ಯಾನ್ ಗ್ಯಾಸ್ಕೆಟ್, ಮುಂದಿನ ಪಂಪ್ ಸೀಲ್, ಹಿಂದಿನ ಸೀಲ್ ಕೂಡ ತರಿಸಿಕೊಳ್ಳಿ, ಅಷ್ಟು ವರ್ಷ ನಿಂತ ರಬ್ಬರು ಗಟ್ಟಿಯಾಗಿರುತ್ತೆ. ಡೆಕ್ಸ್‌ರಾನ್ ಆಯಿಲ್ ನಡೆಯುತ್ತೆ.

ತಾತನ ಗಾಡಿ ಅಂದಿರಿ. ಆ ಗಾಡಿಯಲ್ಲಿ ಆ ಬಾಕ್ಸೇ ಇರಲಿ. ಮೈಸೂರಿನ ರಸ್ತೆಗೆ, ಆ ಗಾಡಿಯ ನಡಿಗೆಗೆ ಅದು ಸರಿಯಾಗಿಯೇ ಇದೆ.

ಮೈಸೂರು_ಇಂಪಾಲ
ಮಾಮ, ಪೈಪು ಕಿತ್ತೆ, ಕೆಂಪು ಆಯಿಲ್ ಸುರೀತು! ತುಂಬಾ ತುಂಬಾ ಧನ್ಯವಾದ. ಮಂಗಳವಾರ ಡಲ್ಲಾಸ್‌ನಿಂದ ಅತ್ತಿಗೆ ಬರ್ತಿದ್ದಾರೆ, ಅವರಿಗೆ ಹೇಳಿದೀನಿ.

ಫೋರ್ಡ್_ಫಣಿ
ಇಲ್ಲಿ ಎಲ್ಲರೂ ಜಿಎಂ ಕಡೆಯವರೇ. ಫೋರ್ಡ್ ಇಟ್ಕೊಂಡವರೂ ಇದನ್ನು ಓದ್ತಾರೆ ಅಂತ ಬರೀತಿದೀನಿ. 60ರ ದಶಕದ ಮಸ್ಟಾಂಗ್‌ಗೆ ಫೋರ್ಡ್‌ನ ಆಟೊಮ್ಯಾಟಿಕ್ ಬಾಕ್ಸುಗಳಲ್ಲಿ ಸಿ4 ಹಗುರ, ಚೆನ್ನಾಗಿ ಕಟ್ಟಿಸಿದರೆ ಡ್ರ್ಯಾಗಿಗೂ ಒಳ್ಳೆಯದು. ಬೆಲ್‌ಹೌಸಿಂಗ್ ಬೇರೆಯಾಗಿ ಬಿಚ್ಚಿ ಬರುತ್ತೆ. ಸಿ6 ಗಟ್ಟಿ, ಆದರೆ ಭಾರ, ಶಕ್ತಿಯನ್ನೂ ಜಾಸ್ತಿ ತಿನ್ನುತ್ತೆ. ಓವರ್‌ಡ್ರೈವ್ ಬೇಕಾದರೆ 1980ರಲ್ಲಿ ಬಂದ ಎಒಡಿ, ನಾಲ್ಕನೇ ಗೇರು 0.67. ಅದರಲ್ಲಿ ನಾಲ್ಕನೆಯದು ಕನ್ವರ್ಟರನ್ನು ದಾಟಿ ನೇರ ಶಾಫ್ಟಿನಲ್ಲೇ ಹೋಗುತ್ತೆ, ಬೇರೆ ಲಾಕಪ್ ವೈರಿಂಗ್ ಬೇಡ. ಇದಕ್ಕೂ ಟಿವಿ ಹೊಂದಾಣಿಕೆ ತಪ್ಪಿದರೆ ವಾಣಿಯವರು ಹೇಳಿದ ಗತಿಯೇ.

ಕ್ರೈಸ್ಲರ್‌ನ 727 ಆಟೊಮ್ಯಾಟಿಕ್ ಬಾಕ್ಸು ಇರುವವರಿಗೆ ಒಂದೇ ಎಚ್ಚರಿಕೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಏರಿಸಿ ಗೇರಿಗೆ ಬೀಳಿಸಿ ಟೈರು ಸುಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಒಳಗಿನ ಒನ್‌ವೇ ಕ್ಲಚ್ ಕೈಕೊಟ್ಟರೆ ಮುಂದಿನ ಡ್ರಮ್ಮು ಇಂಜಿನ್‌ಗಿಂತ ಎಷ್ಟೋ ವೇಗವಾಗಿ ತಿರುಗಿ ಸಿಡಿಯುತ್ತೆ, ಅದು ಇರೋದು ನಿಮ್ಮ ಕಾಲಿನ ಪಕ್ಕದಲ್ಲಿ.

ಶೆವೆಲ್_ತುಮಕೂರು
ಎಲ್ಲರ ಮಾತೂ ಓದಿ 200-4ಆರ್ ಕಡೆ ಮನಸ್ಸು ವಾಲಿದೆ. ಈಗ ಕನ್ವರ್ಟರ್ ಪ್ರಶ್ನೆ. ಅಂಗಡಿಯವರು ಮೂರು ಸಾವಿರದ ಸ್ಟಾಲ್ ಹಾಕಿಸಿ ಅಂತಿದ್ದಾರೆ. ಅಷ್ಟು ಬೇಕಾ?

ಕಾಲುಮೈಲಿ_ಕೇಶವ
ಅಂಗಡಿಯವರು ನಿಮ್ಮ ಕ್ಯಾಮ್ ಕಾರ್ಡ್ ಕೇಳಿದರಾ? ತೂಕ, ಆಕ್ಸಲ್, ಟೈರು ಕೇಳಿದರಾ? ಕೇಳದೆ ಹೇಳಿದ ಸಂಖ್ಯೆಗೆ ದುಡ್ಡು ಕೊಡಬೇಡಿ. ಡಬ್ಬಿಯ ಮೇಲೆ ಬರೆದ ಸ್ಟಾಲ್ ಎಲ್ಲ ಗಾಡಿಗೂ ಒಂದೇ ಅಲ್ಲ. ಅದೇ ಕನ್ವರ್ಟರ್ ಸಣ್ಣ ಇಂಜಿನ್ ಹಿಂದೆ 2200ಕ್ಕೆ ನಿಂತರೆ, ಹೆಚ್ಚು ಟಾರ್ಕ್ ಇರುವ ಇಂಜಿನ್ ಹಿಂದೆ ಇನ್ನೂ ಮೇಲಕ್ಕೆ ಹೋಗುತ್ತೆ. ಕ್ಯಾಮ್ ಎಲ್ಲಿಂದ ಎಳೆಯಲು ಶುರು ಮಾಡುತ್ತೋ ಅದಕ್ಕಿಂತ ಕೊಂಚ ಮೇಲೆ ಸ್ಟಾಲ್ ಇದ್ದರೆ ಸಾಕು. ಗಾಡಿಯ ಎಲ್ಲ ವಿವರ ಕೇಳಿ ಕಟ್ಟಿಕೊಡುವವರ ಹತ್ತಿರವೇ ಮಾಡಿಸಿ.

ಹುಬ್ಬಳ್ಳಿ_ಹ್ಯೂಸ್ಟನ್
ಲಾಕಪ್ ಇರೂದನ್ನ ತಗೋರಿ ಅಣ್ಣಾರ. ಸ್ಟಾಲ್ ಏರಿಸ್ದಂಗ ಹೈವೇದಾಗ ಜಾರೂದು, ಬಿಸಿ ಆಗೂದು ಜಾಸ್ತಿ. ಲಾಕಪ್ ಹಿಡೀತಂದ್ರ ಜಾರೂದ ಬಂದ್. ನಾಕನೇ ಗೇರ್‌ನ್ಯಾಗ ಒತ್ತಡದ ಸ್ವಿಚ್ಚಿಂದ ಹಿಡಿಯೂ ಹಂಗ, ಬ್ರೇಕ್ ತುಳಿದ ಕೂಡಲೇ ಬಿಡೂ ಹಂಗ ವೈರಿಂಗ್ ಮಾಡಸ್ರಿ. ಕಂಪ್ಯೂಟರ್ ಬೇಕಾಗಂಗಿಲ್ಲ.

ಕೂಲರ್ ಮರೀಬ್ಯಾಡ್ರಿ. 175 ಡಿಗ್ರಿ ಫ್ಯಾರನ್‌ಹೀಟ್ ಮ್ಯಾಲ ಪ್ರತಿ 20 ಡಿಗ್ರಿಗೆ ಆಯಿಲ್ ಆಯುಷ್ಯ ಅರ್ಧ ಆಗ್ತದ ಅಂತ ಈ ಕಸುಬಿನವರ ಹಳೇ ಲೆಕ್ಕ ಐತಿ. ಬ್ಯಾರೇನ ಒಂದು ಕೂಲರ್, ಪ್ಯಾನ್‌ದಾಗ ಒಂದು ಟೆಂಪರೇಚರ್ ಗೇಜ್, ಎರಡೂ ಇರ್ಲಿ. ಆಗಸ್ಟ್‌ನ್ಯಾಗ ವುಡ್‌ವರ್ಡ್ ಮ್ಯಾಲ ತಾಸುಗಟ್ಲೆ ತೆವಳೂದು ಅಂದ್ರ ಡ್ರ್ಯಾಗ್‌ಗಿಂತ ಹೆಚ್ಚು ಬಿಸಿ.

ಲಿವೋನಿಯಾ_ಮಾಮ
ಹುಬ್ಬಳ್ಳಿಯವರ ಮಾತು ನೂರಕ್ಕೆ ನೂರು. ಅಂದ ಹಾಗೆ, ನಾನಿರುವ ಲಿವೋನಿಯಾದಲ್ಲೇ ಜಿಎಂನ ಹೈಡ್ರಾ-ಮ್ಯಾಟಿಕ್ ಆಟೊಮ್ಯಾಟಿಕ್ ಬಾಕ್ಸಿನ ಕಾರ್ಖಾನೆ ಇತ್ತು. 1953ರ ಆಗಸ್ಟ್ 12ರಂದು ಬೆಂಕಿ ಬಿದ್ದು ಸುಟ್ಟುಹೋಯ್ತು. ಆಗ ಕ್ಯಾಡಿಲಾಕ್‌ಗಳಿಗೆ ಬ್ಯುಯಿಕ್‌ನ ಡೈನಾಫ್ಲೋ ಬಾಕ್ಸು ಹಾಕಿ ಕಳಿಸಿದರು, ಪಾಂಟಿಯಾಕ್‌ಗಳಿಗೆ ನಿನ್ನ ಗಾಡಿಯ ಈ ಪವರ್‌ಗ್ಲೈಡ್. ಉತ್ಪಾದನೆ ವಿಲ್ಲೋ ರನ್‌ಗೆ ಹೋಯ್ತು, ಯುದ್ಧಕಾಲದಲ್ಲಿ ಫೋರ್ಡ್ ಬಿ-24 ಬಾಂಬರ್ ಕಟ್ಟಿದ ಕಟ್ಟಡಕ್ಕೆ. ಒಂದು ಗಾಡಿಯ ಬಾಕ್ಸನ್ನು ಇನ್ನೊಂದಕ್ಕೆ ಕೂರಿಸೋದನ್ನು ಕಂಪನಿಯೇ ಇಷ್ಟು ದೊಡ್ಡದಾಗಿ ಮಾಡಿದ್ದು ಈ ಊರಿನ ಬೆಂಕಿಯಿಂದ. ಇಲ್ಲಿ ವಾಸ ಮಾಡುವ ಕನ್ನಡದವರಿಗೆ ಇದು ಗೊತ್ತಿರಲಿ ಅನ್ನೋ ಆಸೆ ನನ್ನದು.

ಕೂರಿಸುವ ದಿನದ ಮಾತು ಹೇಳ್ತೀನಿ, ಹೊಸ ಬಾಕ್ಸು ಹಾಳಾಗೋದು ಹೆಚ್ಚಾಗಿ ಅವತ್ತೇ. ಕನ್ವರ್ಟರನ್ನು ಬಾಕ್ಸಿಗೆ ಸೇರಿಸುವಾಗ ಒತ್ತಿ ತಿರುಗಿಸ್ತಾ ಹೋಗು. ಒಂದೊಂದೇ ಹಲ್ಲು ಸಿಕ್ಕಿ ಗಡಕ್ ಗಡಕ್ ಅಂತ ಒಳಕ್ಕೆ ಇಳಿಯುತ್ತೆ. ಕೊನೆಯದು ಪಂಪಿನದು, ಅದು ಕೂತದ್ದು ಕೈಗೇ ಗೊತ್ತಾಗುತ್ತೆ. ಆಮೇಲೆ ಬಾಕ್ಸನ್ನು ಇಂಜಿನ್‌ಗೆ ಸೇರಿಸಿ ಬೋಲ್ಟ್ ಹಾಕುವ ಮೊದಲೇ ಬೆಲ್‌ಹೌಸಿಂಗ್ ಸುತ್ತಲೂ ಬ್ಲಾಕಿಗೆ ಸಪಾಟಾಗಿ ತಾಗಬೇಕು, ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಸಂದು ಉಳಿದಿದೆ, ಬೋಲ್ಟ್ ಬಿಗಿದರೆ ಮುಚ್ಚಿಕೊಳ್ಳುತ್ತೆ ಅಂತ ಯಾರಾದರೂ ಅಂದರೆ ಅಲ್ಲೇ ನಿಲ್ಲಿಸು. ಅದು ಪಂಪ್ ಒಡೆಯೋ ಸದ್ದಿನ ಮುಂಚಿನ ಮಾತು. ಎಲ್ಲ ಬಿಗಿದ ಮೇಲೆ ಫ್ಲೆಕ್ಸ್‌ಪ್ಲೇಟ್‌ಗೂ (ಇಂಜಿನ್ ಹಿಂದಿನ ತೆಳು ತಟ್ಟೆ) ಕನ್ವರ್ಟರ್‌ಗೂ ನಡುವೆ ಇಂಚಿನ ಎಂಟನೇ ಒಂದು ಭಾಗದಿಂದ ಹದಿನಾರನೇ ಮೂರು ಭಾಗದವರೆಗೆ ಅಂತರ ಇರಬೇಕು, ಆಮೇಲೆ ಕನ್ವರ್ಟರನ್ನು ಮುಂದಕ್ಕೆ ಎಳೆದು ಬೋಲ್ಟ್ ಮಾಡು.

ಶೆವೆಲ್_ತುಮಕೂರು
ಮಾಮ, ಇದನ್ನು ಪ್ರಿಂಟ್ ತೆಗೆದು ಗ್ಯಾರೇಜಿನ ಗೋಡೆಗೆ ಅಂಟಿಸ್ತೀನಿ. ತೀರ್ಮಾನ ಆಯ್ತು. ಕಟ್ಟಿಸಿದ 200-4ಆರ್, ಲಾಕಪ್ ಕನ್ವರ್ಟರ್, ಬೇರೆ ಕೂಲರ್, ಹಾಲಿಗೆ ಟಿವಿ ಅಡಾಪ್ಟರ್. ಆಕ್ಸಲ್ 3.73 ಹಾಗೇ ಇರುತ್ತೆ. ಉದ್ದ ಒಂದೇ ಅಂದ ಮೇಲೆ ಡ್ರೈವ್‌ಶಾಫ್ಟ್ ಮುಟ್ಟೋದೇ ಬೇಡ ಅಲ್ವಾ?

ವಾಲ್ವ್‌ಬಾಡಿ_ವಾಣಿ
ಒಂದೇ ಇರಬೇಕು, ಆದರೂ ಅಳೆಯದೆ ನಂಬಬೇಡಿ. ನಿಮ್ಮ ಗಾಡಿ ಹಲವರ ಕೈ ದಾಟಿ ಬಂದಿದೆ, ಶಾಫ್ಟ್ ಹಿಂದೆಯೇ ಬದಲಾಗಿರಬಹುದು. ಗಾಡಿ ಜ್ಯಾಕ್ ಮೇಲೆ ನೇತಾಡುತ್ತಿರುವಾಗ ಅಳೆದರೆ ಲೆಕ್ಕ ತಪ್ಪುತ್ತೆ, ಆಕ್ಸಲ್ ಮೇಲೆ ಗಾಡಿಯ ಪೂರ್ತಿ ಭಾರ ಇರಲಿ. ಯೋಕನ್ನು ಬಾಕ್ಸಿನೊಳಗೆ ತಾಗುವವರೆಗೂ ತಳ್ಳಿ, ಮುಕ್ಕಾಲಿನಿಂದ ಒಂದು ಇಂಚಿನಷ್ಟು ಹಿಂದಕ್ಕೆ ಎಳೆದು, ಅಲ್ಲಿಂದ ಹಿಂದಿನ ಜಾಯಿಂಟ್‌ನ ಮಧ್ಯದವರೆಗೆ ಅಳೆಯಿರಿ. ಕ್ರಾಸ್‌ಮೆಂಬರ್ ಸರಿಸಿದಾಗ ಬಾಕ್ಸಿನ ಬಾಲ ಏರಿದೆಯಾ ಇಳಿದಿದೆಯಾ ಅಂತಲೂ ನೋಡಿ. ಬಾಕ್ಸಿನ ಶಾಫ್ಟೂ ಆಕ್ಸಲಿನ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರ ಇರಬೇಕು, ಇಲ್ಲದಿದ್ದರೆ 60 ಮೈಲಿಯ ಮೇಲೆ ನಡುಕ ಶುರುವಾಗುತ್ತೆ, ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ಹೋಗಲ್ಲ.

ಶಿಫ್ಟರ್ ಕೂಡ ನೆನಪಿರಲಿ. ಪವರ್‌ಗ್ಲೈಡಿನ ಶಿಫ್ಟರ್‌ನಲ್ಲಿ ಇಷ್ಟು ಜಾಗಗಳೇ ಇಲ್ಲ, ಒಳಗಿನ ಹಲ್ಲಿನ ಪ್ಲೇಟನ್ನು ನಾಲ್ಕು ಗೇರಿನದಕ್ಕೆ ಬದಲಿಸಬೇಕು. ಪಾರ್ಕ್ ಮತ್ತು ನ್ಯೂಟ್ರಲ್ ಬಿಟ್ಟು ಬೇರೆಲ್ಲೂ ಸ್ಟಾರ್ಟ್ ಆಗಬಾರದು, ಆ ಸ್ವಿಚ್ಚನ್ನು ಎರಡೆರಡು ಸಲ ಪರೀಕ್ಷಿಸಿ.

ಕಾಲುಮೈಲಿ_ಕೇಶವ
ಮೈಲನ್‌ಗೆ ಬರುವ ಮೊದಲು ಡ್ರೈವ್‌ಶಾಫ್ಟ್ ಲೂಪ್ (ಶಾಫ್ಟ್ ಕಳಚಿದರೆ ಕೆಳಗೆ ಬೀಳದಂತೆ ಹಿಡಿಯುವ ಬಳೆ) ಹಾಕಿಸಿ, ಮುಂದಿನ ಜಾಯಿಂಟ್‌ನಿಂದ ಆರು ಇಂಚಿನೊಳಗೆ. ಈಗ ಹೇಗೂ ಕೆಳಗೆ ಎಲ್ಲ ಬಿಚ್ಚಿರ್ತೀರಿ, ಅದೇ ಹೊತ್ತಿಗೆ ಮುಗಿಸಿಬಿಡಿ. ಮೊದಲ ದಿನ ಕಾಲು ಬ್ರೇಕಿನಲ್ಲೇ ಹೊರಡಿ, ಪ್ರತಿ ಓಟದ ಮೇಲೂ ಗೇಜ್ ನೋಡಿ ಬರೆದಿಡಿ, ಬಂದ ಕೂಡಲೇ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಸುಟ್ಟ ವಾಸನೆ ಬಂದರೆ ಅವತ್ತಿಗೆ ಸಾಕು, ಟಿವಿ ಕೇಬಲ್‌ನಿಂದ ಮತ್ತೆ ಶುರು ಮಾಡಿ.